ಬಿ ಕ್ಲಾಸ್ ಸಂಸಾರ

ಆಂಪ್ಲಿಫೈಯರ್ ರಿಪೇರಿಯ ಮುದುಕರಿಗೆ ಮನುಷ್ಯರಲ್ಲೂ ಆಂಪ್ಲಿಫೈಯರಿನ ಎ, ಬಿ ಕ್ಲಾಸುಗಳೇ ಕಾಣುವುದು. ಸುಮ್ಮನೆ ಕೂತಾಗಲೂ ಕುದಿಯುತ್ತಲೇ ಇರುವ ಅಳಿಯ ಎ ಕ್ಲಾಸು. "ನಾನೂ ನಮ್ಮನೆಯವಳೂ ಬಿ ಕ್ಲಾಸು ಕಣಯ್ಯಾ. ಜೋಡಿ ಟ್ರಾನ್ಸಿಸ್ಟರ್ ಥರ ಒಂದೇ ಸದ್ದನ್ನ ಅರ್ಧ ಒಬ್ರು ಹೊರ್ಬೇಕು, ಇನ್ನರ್ಧ ಇನ್ನೊಬ್ರು" ಎನ್ನುವರು. ಸುಳ್ಳಲ್ಲ, ಇವರು "ಟ್ರಾನ್ಸಿಸ್ಟರ್ ಸುಟ್ಟಿದೆ, ನಾಳೆ ಬಂದ್ರೆ..." ಎಂದು ನಿಲ್ಲಿಸಿದರೆ, ಹೆಂಡತಿ ಒಳಗಿನಿಂದಲೇ "ಸಿಗಲ್ಲ, ನಾಡಿದ್ದು ಬನ್ನಿ!" ಎಂದು ಮುಗಿಸುತ್ತಿದ್ದರು. ಆಕೆ ತೀರಿಕೊಂಡು ವರ್ಷವಾಯಿತು. ಈಗಲೂ ಇವರು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಕಿವಿಗೊಡುತ್ತಾರೆ, "ಹ್ಞೂಂ, ಅದೇ" ಎಂದು ತಲೆದೂಗುತ್ತಾರೆ. ಪಾಪ, ಅರಳುಮರಳು ಎಂದುಕೊಳ್ಳುವ ಗಿರಾಕಿಗಳು ಮೇಜಿನ ಮೇಲಿನ ಹಳೆಯ ಆಂಪ್ಲಿಫೈಯರನ್ನು ನೋಡುವುದೇ ಇಲ್ಲ. ಅದಕ್ಕೆ ಮೈಕೂ ಇಲ್ಲ, ಸ್ಪೀಕರೂ ಇಲ್ಲ. ಆದರೂ ಇವರು ಸುಮ್ಮನಾದೊಡನೆ ಸದ್ದಿನ ಮಟ್ಟ ತೋರಿಸುವ ಅದರ ಸೂಜಿ ಅಲುಗತೊಡಗುತ್ತದೆ. ಅದು ನಿಂತ ಮೇಲೆಯೇ ಇವರು ತಲೆದೂಗುವುದು.