ಕೋಟಿನ ಗುಂಡಿ ತೊಟ್ಟ ಗಿಟಾರ್

ಟೈಲರಕ್ಕನ ಗಿಟಾರಿಗೆ ಗುಂಡುಸೂಜಿಗಳು ಅಂಟಿಕೊಂಡಿರುತ್ತವೆ. ಹಗಲೆಲ್ಲ ಅದು ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಅಂಗಾತ ಮಲಗಿರುತ್ತದೆ. ತಂತಿಗಳ ಮೇಲೆ ಕಮಾನಿನಂತೆ ಬಾಗಿದ ಎರಡು ದಪ್ಪ ಆಯಸ್ಕಾಂತಗಳು, ಕುದುರೆ ಲಾಳದ ಆಕಾರದವು, ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವಂಥವು. ಬಟ್ಟೆಯಿಂದ ಕಿತ್ತ ಸೂಜಿಯನ್ನು ಅಕ್ಕ ತಲೆಯೆತ್ತದೆ ಆ ಕಡೆ ಎಸೆಯುತ್ತಾಳೆ. ಅದು ಹೋಗಿ ಟಣ್ ಎಂದು ಕಚ್ಚಿಕೊಳ್ಳುತ್ತದೆ. ಸಂಜೆ ಶಟರ್ ಅರ್ಧ ಇಳಿಸಿ, ಸೂಜಿಗಳನ್ನೆಲ್ಲ ಬಿಡಿಸಿ ಡಬ್ಬಿಗೆ ತುಂಬಿದ ಮೇಲೇ ಸಂಗೀತ. ಹಳೆಯ ವಾದ್ಯಗಳ ಬೆಲೆ ಬಲ್ಲವರು ಇದನ್ನು ನೋಡಿದರೆ ಎದೆ ಹಿಡಿದುಕೊಳ್ಳುತ್ತಾರೆ. ಒಬ್ಬರು ಹಿಡಿದುಕೊಂಡೇಬಿಟ್ಟರು. ಅವರ ಸುದ್ದಿಗೆ ಆಮೇಲೆ ಬರುತ್ತೇನೆ.

ಇದು ಎದೆಗವಚಿಕೊಂಡು ನುಡಿಸುವ ಗಿಟಾರ್ ಅಲ್ಲ, ಮಡಿಲಲ್ಲಿ ಮಲಗಿಸಿಕೊಂಡು ನುಡಿಸುವ ಸ್ಟೀಲ್ ಗಿಟಾರ್. ಇಲ್ಲಿ ಎಡಗೈ ತಂತಿಯನ್ನು ಮರಕ್ಕೆ ಒತ್ತುವುದಿಲ್ಲ. ಹೆಬ್ಬೆರಳಿನ ಗಾತ್ರದ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ಹೋಗುತ್ತದೆ. ಬಲಗೈ ಮೀಟುತ್ತದೆ. ತಂತಿಗಳ ಕೆಳಗೆ ಮರದ ಮೇಲಿರುವುದು ಬರೀ ಬಣ್ಣದ ಗೆರೆಗಳು. ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿ. ಹಾಗಾಗಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಮನುಷ್ಯರ ಮಾತಿನ ಹಾಗೆ ಜಾರುತ್ತದೆ, ಎಳೆಯುತ್ತದೆ, ರಾಗ ತೆಗೆಯುತ್ತದೆ. ಪಕ್ಕದ ಅಂಗಡಿಯ ಕ್ಷೌರಿಕನ ಆಕಳಿಕೆಯನ್ನು ಅಕ್ಕ ಅದರಲ್ಲಿ ನುಡಿಸಿದರೆ ಅವನು ಅಲ್ಲಿಂದಲೇ ಬೈಯುತ್ತಾನೆ. ಮಹಡಿಯ ಮೇಲಿನ ಅಜ್ಜಿ ಬೆಕ್ಕನ್ನು ಕರೆಯುವ ದನಿಯನ್ನು ನುಡಿಸಿದರೆ ಬೆಕ್ಕು ನಂಬಿ ಮೆಟ್ಟಿಲಿಳಿದು ಬರುತ್ತದೆ. ಅಜ್ಜಿ ಕರೆದಾಗ ಬರುವುದಿಲ್ಲ, ಅದು ಬೇರೆ ಮಾತು.

ಮುಂದೆ ಯಾರೋ ಬುದ್ಧಿವಂತರು ಈ ವಾದ್ಯಕ್ಕೆ ಸ್ಟ್ಯಾಂಡು ಹಚ್ಚಿ, ಪೆಡಲ್ ಜೋಡಿಸಿ, ನುಡಿಸುವವರ ಕಾಲಿಗೂ ಕೆಲಸ ಕೊಟ್ಟರು. ಟೈಲರಕ್ಕನದು ಅದಕ್ಕಿಂತ ಹಳೆಯ ತಳಿ, ಪೆಡಲ್ ಇಲ್ಲದ್ದು. ಬೆಳಗಿನಿಂದ ಹೊಲಿಗೆ ಯಂತ್ರ ತುಳಿಯುವ ಕಾಲಿಗೆ ಸಂಜೆ ಅದು ಕೊಡುವ ರಜೆಯೇ ಅದರ ಮೊದಲ ಗುಣ ಎಂದು ಆಕೆಯ ತೀರ್ಮಾನ.

ಗಿಟಾರ್ ಬಂದದ್ದು ಮಾವನಿಂದ. ಮಾವ ಒಂದು ಕಾಲಕ್ಕೆ ಡ್ಯಾನ್ಸ್ ಹಾಲಿನ ಬ್ಯಾಂಡಿನಲ್ಲಿ ಇದನ್ನೇ ನುಡಿಸಿ ಸಂಸಾರ ಸಾಕಿದವರು. ಇಬ್ಬರು ಗಂಡುಮಕ್ಕಳಿಗೆ ಕಲಿಸಲು ಹೋಗಿ ಸೋತರು. ದೊಡ್ಡವನು, ಅಂದರೆ ಅಕ್ಕನ ಗಂಡ, ನೀರಿನ ಮೀಟರ್ ಓದುವ ಕೆಲಸದವನು. ಅವನು ನುಡಿಸಿದರೆ ಎಲ್ಲೋ ನಲ್ಲಿ ಸೋರುತ್ತಿದೆ ಎಂದು ಜನ ಎದ್ದು ಹೋಗಿ ನೋಡುತ್ತಿದ್ದರು. ಚಿಕ್ಕವನಿಗೆ ಕೂತಲ್ಲಿ ಕೂರಲು ಬರದು. ಹೊಸದಾಗಿ ಬಂದ ಸೊಸೆ ಗೆರೆ ಎಳೆಯದೆ ಬಟ್ಟೆಯನ್ನು ನೇರ ಕತ್ತರಿಸುವುದನ್ನು ಕಂಡ ಮಾವ, ಒಂದು ಸಂಜೆ ಅವಳ ಮಡಿಲಿಗೆ ಅದನ್ನಿಟ್ಟರು. “ನಿನ್ನ ಕೈ ನಡುಗಲ್ಲ ಮಗಳೇ. ಹಿಡಿ.” ಸೊಸೆಯ ಮಡಿಲಲ್ಲಿ ಮೊಮ್ಮಗು ನೋಡೋಣ ಅಂದರೆ ಈ ಮುದುಕ ಹಲಗೆ ಮಲಗಿಸಿದ ಎಂದು ಅತ್ತೆ ಅಡುಗೆಮನೆಯಿಂದ ಗೊಣಗಿದರಂತೆ.

ಮಾವನಿಗೆ ಒಂದು ಚಾಳಿಯಿತ್ತು. ವಾದ್ಯದ ಯಾವ ಭಾಗವಿಲ್ಲದೆಯೂ ಸ್ವರ ಬರುತ್ತದೋ ಆ ಭಾಗ ಊರಿಗೆ ಸೇರಿದ್ದು ಎಂದು ಅವರ ನಂಬಿಕೆ. ತಂತಿಗಳ ಬುಡ ಮುಚ್ಚುವ ಹೊಳೆಯುವ ಕವಚವನ್ನು ಕ್ಷೌರಿಕನಿಗೆ ಕೊಟ್ಟರು, ಅದರಲ್ಲಿ ಅವನು ಸೋಪು ಇಟ್ಟ. ಒಳಗೆ ಮಖಮಲ್ಲು ಹಾಕಿದ ಪೆಟ್ಟಿಗೆ ಮಹಡಿಯ ಅಜ್ಜಿಗೆ ಹೋಯಿತು, ಬೆಕ್ಕು ಅದರಲ್ಲಿ ಮಲಗಿತು. ಇನ್ನು ಎರಡು ನಾಬ್‌ಗಳು: ದುಂಡಗೆ, ಕಪ್ಪಗೆ, ನೆತ್ತಿಯ ಮೇಲೊಂದು ಬಿಳಿ ಗೆರೆ. ಒಂದು ದನಿ ಏರಿಸಿ ಇಳಿಸಲು, ಇನ್ನೊಂದು ಸ್ವರವನ್ನು ಮೆತ್ತಗೆ ಇಲ್ಲವೇ ಹರಿತ ಮಾಡಲು. ಟೀ ಕೆಟಲ್ಲಿನ ಮುಚ್ಚಳದ ಹಿಡಿ ಕಳಚಿ ಅತ್ತೆ ಬೆರಳು ಸುಟ್ಟುಕೊಂಡ ದಿನ, ಮಾವ ಆ ಎರಡನೆಯ ನಾಬನ್ನು ಕಿತ್ತು ಮುಚ್ಚಳಕ್ಕೆ ಬಿಗಿದರು. ಗಿಟಾರಿನಲ್ಲಿ ಅದರ ಜಾಗಕ್ಕೆ ಅಂಗಡಿಯದೇ ಒಂದು ನಾಲ್ಕು ತೂತಿನ ಕೋಟಿನ ಗುಂಡಿ ಅಂಟಿಸಿದರು. ಅತ್ತೆಯ ಬೆರಳು ಉಳಿಯಿತು. ಗುಂಡಿಯೂ ಚೆನ್ನಾಗಿಯೇ ತಿರುಗಿತು.

ಮಾವ, ಅವರ ಹಿಂದೆ ಅತ್ತೆ ಹೋದ ಮೇಲೂ ಗಿಟಾರ್ ಅಕ್ಕನ ಮೇಜಿನ ಮೇಲೇ ಉಳಿಯಿತು. ಇಂಥದ್ದೇ ಹಳೆಯ ಗಿಟಾರೊಂದು ಹರಾಜಿನಲ್ಲಿ ಭಾರಿ ಬೆಲೆಗೆ ಹೋದ ಸುದ್ದಿಯನ್ನು ಮೈದುನ ಓದುವ ತನಕ ಯಾರೂ ತಕರಾರು ತೆಗೆದಿರಲಿಲ್ಲ. ಮೈದುನ ಬಾಡಿಗೆ ವ್ಯಾನಿನಲ್ಲಿ ಸಾಮಾನು ಸಾಗಿಸುವವನು. ಸ್ವಂತದ್ದೊಂದು ವ್ಯಾನು ಕನಸಲ್ಲಿ ಬಂದು ಹಾರ್ನ್ ಮಾಡುತ್ತಿತ್ತು. ಅಪ್ಪನ ವಸ್ತು, ಇಬ್ಬರು ಮಕ್ಕಳು, ಮಾರಿದರೆ ಅರ್ಧ ನನ್ನದು ಎಂದ. ನ್ಯಾಯ ಅವನ ಕಡೆಗಿತ್ತು. ಹಲ್ಲು ಕಚ್ಚಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಆದರೂ ಬರೆಯಲೇಬೇಕು. ಅಕ್ಕನೂ ಅಲ್ಲಗಳೆಯಲಿಲ್ಲ. ಆದರೆ ಆ ರಾತ್ರಿ ಅವಳು ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು ಎಂದು ಅವಳ ಗಂಡ ಹೇಳಿದ್ದು.

ಮೈದುನ ಕರೆತಂದವರು ಹಳೆಯ ಗಿಟಾರುಗಳ ಸಂಗ್ರಹಕಾರರು. ಒಂದೊಂದು ತಿರುಪನ್ನೂ ತೋರಿಸಿ “ಇದು ಒರಿಜಿನಲ್ಲಾ?” ಎಂದು ಕೇಳಿದ್ದರಿಂದ ಬೀದಿಯವರು ಅವರಿಗೆ ಒರಿಜಿನಲ್ ಸಾಹೇಬರು ಎಂದು ಹೆಸರಿಟ್ಟರು. ಕೈಗೆ ಬಿಳಿ ಗವಸು, ಪುಟ್ಟ ಟಾರ್ಚು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಆಯಸ್ಕಾಂತಗಳಿಗೆ ಮುತ್ತಿದ್ದ ಗುಂಡುಸೂಜಿಗಳನ್ನು ಕಂಡು ಎದೆ ಹಿಡಿದುಕೊಂಡವರು ಇವರೇ. ಒಂದು ಮಾತು ಒಪ್ಪಬೇಕು: ವಸ್ತುವಿನ ಗುರುತು ಅವರಿಗಿತ್ತು. ಇಂಥ ಆಯಸ್ಕಾಂತ ಈಗ ಯಾರೂ ಮಾಡುವುದಿಲ್ಲ, ಈ ಮರ ಒಣಗಿದ ಹಾಗೆ ಹೊಸ ಮರ ಒಣಗುವುದಿಲ್ಲ, ಈ ದುಂಡು ದನಿಗೆ ಜನ ದೇಶ ಅಲೆಯುತ್ತಾರೆ ಎಂದೆಲ್ಲ ಹೇಳುವಾಗ ಅವರ ದನಿ ನಿಜವಾಗಿಯೂ ಮೆತ್ತಗಾಗಿತ್ತು. ಅಕ್ಕನಿಗೆ ಆಸೆ ಹುಟ್ಟಿತು.

“ನೀವು ನುಡಿಸ್ತೀರಾ ಸಾರ್?”

“ಇಲ್ಲಮ್ಮ. ನುಡಿಸಿದ್ರೆ ಬೆಲೆ ಇಳಿಯುತ್ತೆ.”

ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಹಾಡುವುದಕ್ಕೆಂದೇ ಹುಟ್ಟಿದ ವಸ್ತುವಿನ ಬಾಯಿ ಹೊಲಿದು, ಗಾಜಿನ ಹಿಂದೆ ಗೋಡೆಗೆ ನೇತುಹಾಕುವುದಕ್ಕೆ ಇವರಿಟ್ಟ ಹೆಸರು ಸಂಗ್ರಹ. ಮನುಷ್ಯರಿಗೆ ಹೀಗೆ ಮಾಡಿದ್ದರೆ ಪೊಲೀಸರು ಬೇರೆ ಹೆಸರಿಡುತ್ತಿದ್ದರು. ದನಿಗಾಗಿ ದೇಶ ಅಲೆದು, ದನಿ ಸಿಕ್ಕ ಕೂಡಲೇ ಅದರ ಕತ್ತು ಹಿಸುಕುವ ಈ ಪ್ರೀತಿ ಯಾವ ಜಾತಿಯದೋ ನನಗೆ ತಿಳಿಯದು.

ಅಕ್ಕನ ಮುಖ ನೋಡಿ ಸಾಹೇಬರು ಉದಾರಿಗಳಾದರು. ಹಣದ ಜೊತೆಗೆ ಒಂದು ಹೊಸ ಸ್ಟೀಲ್ ಗಿಟಾರನ್ನೂ ಕೊಡಿಸುತ್ತೇನೆ, ಪೆಡಲ್ ಇರುವುದು, ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ ಎಂದರು.

“ಅದಕ್ಕೂ ತುಳೀಬೇಕಾ?” ಎಂದಳು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಸಾಹೇಬರದೊಂದು ಷರತ್ತಿತ್ತು. ಕವಚ, ಪೆಟ್ಟಿಗೆ, ಉಕ್ಕಿನ ತುಂಡು, ಎರಡನೆಯ ನಾಬ್, ಎಲ್ಲವೂ ಗಿಟಾರಿನ ಜೊತೆ ಹುಟ್ಟಿದವೇ ಆಗಿರಬೇಕು. ಒಂದು ಕಡಿಮೆಯಾದರೂ ತಮ್ಮ ಗೋಡೆಗೆ ಅದು ಬೇಡ. ಕೋಟಿನ ಗುಂಡಿಯನ್ನು ಅವರು ನೋಡಿದ ರೀತಿ, ಮದುವೆಗೆ ಕರೆಯದೆ ಬಂದ ನೆಂಟನನ್ನು ನೋಡಿದ ಹಾಗಿತ್ತು. ಮುಂದಿನ ವಾರ ಬರುತ್ತೇನೆ, ಅಷ್ಟರಲ್ಲಿ ಕೂಡಿಸಿಡಿ ಎಂದು ಹೋದರು.

ಆ ವಾರ ಮೈದುನ ವ್ಯಾನು ಓಡಿಸಲಿಲ್ಲ, ತಾನೇ ಬೀದಿಯುದ್ದ ಓಡಿದ. ಕ್ಷೌರಿಕ ಅರ್ಧ ಮುಖಕ್ಕೆ ನೊರೆ ಹಚ್ಚಿದ್ದ ಗಿರಾಕಿಯನ್ನು ಬಿಟ್ಟು ವಾದಕ್ಕೆ ನಿಂತ. ಅಪ್ಪ ಕೊಟ್ಟದ್ದನ್ನು ಮಗ ಕಿತ್ತುಕೊಳ್ಳುವುದು ಯಾವ ಸೀಮೆಯ ಮರ್ಯಾದೆ ಎಂದು ಕೇಳಿದ. ಕೊನೆಗೆ ಸೋಪು ಕೆರೆದು ಕವಚ ಕೊಟ್ಟ. ಅಜ್ಜಿ ಪೆಟ್ಟಿಗೆ ಕೊಟ್ಟರು, ಬೆಕ್ಕು ಒಪ್ಪಲಿಲ್ಲ. ಪೆಟ್ಟಿಗೆಯ ಹಿಂದೆಯೇ ಇಳಿದು ಬಂದು ಅಂಗಡಿಯಲ್ಲಿ ಅದರೊಳಗೆ ಮತ್ತೆ ಮಲಗಿತು. ಉಕ್ಕಿನ ತುಂಡು ಬಟ್ಟೆ ಹಾರದಂತೆ ಮೇಜಿನ ಮೇಲೇ ಕೂತಿತ್ತು. ಉಳಿದದ್ದು ನಾಬ್ ಒಂದೇ.

ಅದನ್ನೆಲ್ಲಿಟ್ಟಿದ್ದೀರಿ ಎಂದು ಅವನು ಕೇಳಿದರೆ ಅಕ್ಕ, ಮನೆ ಬಿಟ್ಟು ಎಲ್ಲೂ ಹೋಗಿಲ್ಲ, ಕಣ್ಣು ಬಿಟ್ಟು ಹುಡುಕು ಎಂದಳು. ಅಂಗಡಿಯ ಹಿಂದೆಯೇ ಮನೆ. ಅವನು ಮಂಚದ ಕೆಳಗೆ ತೂರಿದ, ಅಟ್ಟ ಹತ್ತಿದ, ಗುಂಡಿಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದ. ಸುಸ್ತಾದಾಗಲೆಲ್ಲ ಅದೇ ಕೆಟಲ್ಲಿನಿಂದ ಟೀ ಬಗ್ಗಿಸಿ ಕುಡಿದ. ವರ್ಷಗಟ್ಟಲೆ ದಿನಾ ಕಂಡ ಮುಚ್ಚಳವನ್ನು ಯಾರು ತಾನೇ ನೋಡುತ್ತಾರೆ?

ಗಂಡನಿಗೆ ಮಾತ್ರ ಗೊತ್ತಿತ್ತು. ಸತ್ಯವಂತ ಪ್ರಾಣಿ, ಮೀಟರಿನಲ್ಲಿ ಒಂದು ಅಂಕಿ ತಪ್ಪಿದರೂ ತಿರುಗಿ ಹೋಗಿ ತಿದ್ದಿ ಬರುವವನು. ಸಾಹೇಬರು ಬರುವ ದಿನ ಬೆಳಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದು ಸುಳ್ಳಾಗಲ್ವೇನೇ, ತಮ್ಮನಿಗೆ ಮೋಸ ಅಲ್ವಾ ಎಂದು ಕೇಳಿದ. ಆ ಪ್ರಶ್ನೆ ಅಕ್ಕನನ್ನೂ ಒಳಗೊಳಗೇ ಚುಚ್ಚುತ್ತಿತ್ತು. ಅವಳು ಕೆಟಲ್ ತೊಳೆದು, ಒರೆಸಿ, ನಾಬನ್ನು ಸೆರಗಿನಲ್ಲಿ ಉಜ್ಜಿ ಹೊಳಪೇರಿಸಿದಳು.

“ನಾನೇನೂ ಬಚ್ಚಿಡಲ್ಲ ರೀ. ಅವರ ಮುಂದೇನೇ ಇಡ್ತೀನಿ. ಕಣ್ಣಿಗೆ ಬಿದ್ರೆ ಗಿಟಾರ್ ಅವರದ್ದು. ಬೀಳದೇ ಇದ್ರೆ ಟೀ ಮಾತ್ರ ಅವರದ್ದು.”

ಸಾಹೇಬರು ಬಂದರು. ಮೇಜಿನ ಮೇಲೆ ಗಿಟಾರ್, ಕವಚ, ಉಕ್ಕಿನ ತುಂಡು. ಪಕ್ಕದಲ್ಲಿ ಬೆಕ್ಕು ಸಮೇತ ಪೆಟ್ಟಿಗೆ. ಎಲ್ಲದರ ನಡುವೆ ಕೆಟಲ್. ಕ್ಷೌರಿಕ ಕೈಯಲ್ಲಿ ಬಾಚಣಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತ. ಸಾಹೇಬರು ಕವಚದ ಒಳಮೈಗೆ ಟಾರ್ಚು ಬಿಟ್ಟು ಒರಿಜಿನಲ್ ಎಂದರು. ಮಖಮಲ್ಲು ಒರಿಜಿನಲ್. ಉಕ್ಕು ಒರಿಜಿನಲ್. ಬೆಕ್ಕಿನ ವಿಚಾರದಲ್ಲಿ ಏನೂ ಹೇಳಲಿಲ್ಲ. ನಾಬ್ ಎಲ್ಲಿ ಎಂದರು.

ಮೈದುನ ಇನ್ನೂ ಹುಡುಕುತ್ತಿದ್ದೇನೆ ಎಂದ. ಅದು ಹೇಗಿರುತ್ತದೆ ಗೊತ್ತೇನಪ್ಪ ಎಂದು ಸಾಹೇಬರು, ಗಿಟಾರಿನಲ್ಲುಳಿದ ಅದರ ಜೋಡಿಯತ್ತ ಟಾರ್ಚು ಬಿಟ್ಟು, ಅವನಿಗೆ ಪಾಠ ಶುರುಮಾಡಿದರು. ಇಷ್ಟು ಅಗಲ, ಅಂಚಿನಲ್ಲಿ ಹಲ್ಲು ಹಲ್ಲು, ನೆತ್ತಿಯಲ್ಲಿ ಒಂದೇ ಬಿಳಿ ಗೆರೆ, ಆ ಗೆರೆ ಪೂರ್ತಿ ಅಂಚು ಮುಟ್ಟುವುದಿಲ್ಲ. ಇಷ್ಟು ಹೇಳುತ್ತ ಕೈ ಚಾಚಿ, ಕೆಟಲ್ಲಿನಲ್ಲಿ ಟೀ ಉಳಿದಿದೆಯೇ ನೋಡಲು, ಮುಚ್ಚಳವನ್ನು ಎತ್ತಿದರು. ಇಷ್ಟು ಅಗಲ, ಅಂಚಿನಲ್ಲಿ ಹಲ್ಲು ಹಲ್ಲು ಎಂದ ಆ ನಾಬನ್ನು ಎರಡು ಬೆರಳಲ್ಲಿ ಹಿಡಿದೇ ಪಾಠ ಮುಂದುವರಿಸಿದರು. ಗಂಡನಿಗೆ ಕೆಮ್ಮು ಹತ್ತಿತು. ಅಕ್ಕ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಬೆರಳ ತುದಿ ಕೆಂಪಾಯಿತು. ಸಾಹೇಬರು ಕೊನೆಗೆ ಮುಚ್ಚಳ ನೋಡಿದರು.

“ಇದನ್ನ ಬದಲಾಯಿಸಿ ಮೇಡಂ. ತುಂಬ ಹಳೇದಾಗಿದೆ.”

ಮುಚ್ಚಿದರು. ಟೀ ಕುಡಿದರು. ನಾಬ್ ಸಿಕ್ಕ ದಿನ ಹೇಳಿ ಕಳಿಸಿ ಎಂದು ಕಾರಿನ ಕಡೆ ನಡೆದರು. ಕ್ಷೌರಿಕ, ತಡೆಯಲಾರದೆ, ಬಾಚಣಿಗೆಯಿಂದ ಬಾಯಿ ಮುಚ್ಚಿಕೊಂಡು ತನ್ನ ಅಂಗಡಿಗೆ ಓಡಿದ.

ಮೈದುನ ಸಪ್ಪೆ ಮುಖದಲ್ಲಿ ಉಳಿದ ಟೀ ಬಗ್ಗಿಸಿಕೊಳ್ಳಲು ಮುಚ್ಚಳಕ್ಕೆ ಕೈ ಹಾಕಿದ. ಪಾಠ ಇನ್ನೂ ಕಿವಿಯಲ್ಲಿತ್ತು. ಬೆರಳು ಅಂಚಿನ ಹಲ್ಲುಗಳ ಮೇಲೆ ಒಂದು ಸುತ್ತು ಹೋಯಿತು, ನಿಂತಿತು. ಬಿಳಿ ಗೆರೆ ನೋಡಿದ. ಅತ್ತಿಗೆಯನ್ನು ನೋಡಿದ. ಹೊರಗೆ ಸಾಹೇಬರ ಕಾರು ಇನ್ನೂ ಹಿಂದೆ ಮುಂದೆ ಮಾಡುತ್ತ ಬೀದಿ ಬಿಡಲು ಹೆಣಗುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವನು ಬಾಗಿಲ ತನಕ ಹೋದ. ಅಕ್ಕ ತಡೆಯಲಿಲ್ಲ. ಕೂತಲ್ಲಿಂದಲೇ ಉಕ್ಕಿನ ತುಂಡು ಎತ್ತಿಕೊಂಡು, ಗಿಟಾರನ್ನು ಮಡಿಲಿಗೆಳೆದು, ಮಾವ ದಿನಾ ಸಂಜೆ ಚಿಕ್ಕವನನ್ನು ಊಟಕ್ಕೆ ಕರೆಯುತ್ತಿದ್ದ ದನಿಯನ್ನು ನುಡಿಸಿದಳು. ಮೊದಲು ಮೆತ್ತಗೆ, ಆಮೇಲೆ ಎಳೆದು, ಕೊನೆಯಲ್ಲಿ ಸ್ವಲ್ಪ ಸಿಟ್ಟು. ಬದುಕಿದ್ದಾಗ ಮಾವ ನಿಜವಾಗಿ ಕರೆದದ್ದಕ್ಕಿಂತ ಚೆನ್ನಾಗಿತ್ತು.

ಕಾರು ಹೋಯಿತು.

ಮೈದುನ ವಾಪಸು ಬಂದು ಬೆಕ್ಕನ್ನು ಸರಿಸಿ ಪೆಟ್ಟಿಗೆಯ ಅಂಚಿನ ಮೇಲೆ ಕೂತ. ಅಪ್ಪನ ಆಸ್ತಿ ಭಾಗ ಆಗಲೇಬೇಕು ಎಂದ. ಗಂಡನ ಕೆಮ್ಮು ಮರುಕಳಿಸಿತು.

“ಗಿಟಾರ್ ಅಣ್ಣನ ಪಾಲಿಗೆ ಇರಲಿ ಅತ್ತಿಗೆ. ಕೆಟಲ್ ನನ್ನ ಪಾಲು. ಮುಚ್ಚಳ ಸಮೇತ.”

ಅಕ್ಕ ಎದ್ದು ಕೆಟಲ್ ತೊಳೆದು ಹಳೆಯ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು: ಇನ್ನು ಒಬ್ಬರಿಲ್ಲದೆ ಇನ್ನೊಬ್ಬರು ಮಾರುವಂತಿಲ್ಲ. ಸ್ವಂತ ವ್ಯಾನು ಅವನಿಗೆ ಇವತ್ತಿಗೂ ಆಗಿಲ್ಲ. ಅದು ನೋವಿನ ಸಂಗತಿಯೇ. ಕೆಲಸ ಮುಗಿಸಿ ಬರುವಾಗ ಆ ಕೆಟಲ್ಲಿನಲ್ಲೇ ಟೀ ಹೊತ್ತು ತರುತ್ತಾನೆ, ಅರ್ಧ ಇಳಿಸಿದ ಶಟರಿನಡಿ ಬಗ್ಗಿ ಒಳಬಂದು ಕೇಳುತ್ತ ಕೂರುತ್ತಾನೆ. ಕೂತಲ್ಲಿ ಕೂರಲು ಕಲಿತಿದ್ದಾನೆ. ಕವಚ ಸೋಪಿಗೆ ಮರಳಿತು. ಪೆಟ್ಟಿಗೆ ಬೆಕ್ಕಿನದೇ.

ಆ ದಿನ ಕೆಟಲ್ ಕಂಕುಳಲ್ಲಿಟ್ಟುಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ ಕೋಟಿನ ಗುಂಡಿಯ ಕಡೆ ಗಲ್ಲ ಎತ್ತಿ ತೋರಿಸಿದ್ದ.

“ಅದನ್ನ ಗಟ್ಟಿಯಾಗಿ ಅಂಟಿಸಿ ಅತ್ತಿಗೆ. ಇನ್ನೊಂದೈವತ್ತು ವರ್ಷ ಹೋದ್ರೆ ಅದೂ ಒರಿಜಿನಲ್ಲೇ.”

ಅಕ್ಕ ಗುಂಡಿಯನ್ನು ಒಂದಿಷ್ಟು ತಿರುಗಿಸಿ, ಉಕ್ಕನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ, ಸಾಹೇಬರ ಆ “ಇದು ಒರಿಜಿನಲ್ಲಾ?” ಎಂಬ ಒಂದೇ ಪ್ರಶ್ನೆಯನ್ನು, ಅದರ ಬಾಲ ಎತ್ತಿದ ಕೊನೆಯ ಸಮೇತ, ನುಡಿಸಿದಳು. ಪಕ್ಕದಂಗಡಿಯಲ್ಲಿ ಕ್ಷೌರಿಕನ ಗಿರಾಕಿ ನಕ್ಕು ಕೆನ್ನೆ ಕುಯ್ಯಿಸಿಕೊಂಡ.