ಆಮೆಯ ಅವಸರ

ನಮ್ಮ ಚಿಕ್ಕಪ್ಪನಿಗೆ ಗ್ಯಾಸ್ ಟರ್ಮಿನಲ್‌ನಲ್ಲಿ ಎಲ್ಲರೂ ಇಟ್ಟ ಹೆಸರು ಆಮೆ. ಹಡಗಿನಲ್ಲಿ ಬಂದ ದ್ರವ ಗ್ಯಾಸನ್ನು ದಡದ ಟ್ಯಾಂಕಿಗೆ ಇಳಿಸುವುದು ಅವರ ಕೆಲಸ. ಅಲ್ಲಿಂದ ಮುಂದೆ ಅದನ್ನು ಬಿಸಿ ಮಾಡಿ, ಮತ್ತೆ ಗ್ಯಾಸ್ ಮಾಡಿ ಊರಿಗೆ ಕಳಿಸುತ್ತಾರೆ.

ಆ ದ್ರವದ ಚಳಿ ಸೊನ್ನೆಗಿಂತ ನೂರ ಅರವತ್ತು ಡಿಗ್ರಿ ಕೆಳಗೆ. ಬೆಚ್ಚಗಿನ ಪೈಪಿಗೆ ಒಮ್ಮೆಲೇ ಬಿಟ್ಟರೆ ಪೈಪು ಕುಗ್ಗಿ, ಜೋಡಣೆ ಸಡಿಲವಾಗಿ ಸೋರುತ್ತದೆ. ಮೊದಲು ಸಣ್ಣಗೆ ಬಿಟ್ಟು ಪೈಪು ತಣಿಸಬೇಕು, ಬೋಲ್ಟು ಮತ್ತೆ ಬಿಗಿಯಬೇಕು, ಆಮೇಲೆ ವಾಲ್ವ್ ಪೂರ್ತಿ ತೆರೆಯಬೇಕು. ಚಿಕ್ಕಪ್ಪನಿಗೆ ಇದಕ್ಕೆ ಎರಡು ಗಂಟೆ ಬೇಕೇ ಬೇಕು.

ಐನೂರನೇ ಹಡಗು ಬಂದ ದಿನ ಪಂಪು ಶುರುಮಾಡುವ ಗುಂಡಿ ಒತ್ತಲು ಯಾರೋ ದೊಡ್ಡ ಮನುಷ್ಯರು ಬರುವವರಿದ್ದರು. ಮ್ಯಾನೇಜರನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅರ್ಧ ಗಂಟೇಲಿ ಮುಗಿಸ್ರೀ."

"ಆಗಲ್ಲ ಸಾರ್. ಅವಸರ ನಮಗಿರಬಹುದು, ಪೈಪಿಗಿಲ್ಲ."

ಮ್ಯಾನೇಜರ್ ಚಿಕ್ಕಪ್ಪನನ್ನು ಪಕ್ಕಕ್ಕೆ ಸರಿಸಿ, ಹೂಂಗುಟ್ಟುವುದಷ್ಟೇ ಗೊತ್ತಿದ್ದ ಫಿಟ್ಟರನ ಕೈಗೆ ವಾಲ್ವ್ ಕೊಟ್ಟ. ಅರ್ಧ ಗಂಟೆಗೆ ಗುಂಡಿ ಒತ್ತಿದ್ದಾಯಿತು, ಚಪ್ಪಾಳೆ ಬಿತ್ತು, ಜೋಡಣೆ ಬಾಯಿ ಬಿಟ್ಟಿತು. ಬಿಳಿ ಮಂಜು ಭುಸ್ಸೆಂದು ಎದ್ದಿತು. ದೊಡ್ಡವರೆಲ್ಲ ಗೇಟಿನತ್ತ ಓಡಿದರೆ, ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿಯತ್ತ ಓಡಿದವರು ಚಿಕ್ಕಪ್ಪ ಒಬ್ಬರೇ. ಆ ಚಳಿಗೆ ಫಿಟ್ಟರನ ಎರಡು ಬೆರಳು ಹೋದವು.

ವಾರಕ್ಕೆ ವರದಿ ಬಂತು. ಬೋಲ್ಟು ಬಿಗಿಯದೆ ಅವಸರ ಮಾಡಿದ್ದು ಚಿಕ್ಕಪ್ಪನಂತೆ! ಕೆಳಗೆ ಸಾಕ್ಷಿಯ ಸಹಿ ಅದೇ ಫಿಟ್ಟರನದು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆ ದಾರಿ ಎಂದ ಮ್ಯಾನೇಜರ್.

"ಆ ಕೆಲಸಾನ ಅವನ ಮುಖದ ಮೇಲೆ ಎಸೆದು ಬನ್ನಿ ಚಿಕ್ಕಪ್ಪ," ಎಂದೆ.

"ಗುರುವಾರ ಇನ್ನೊಂದು ಹಡಗು ಬರ್ತಿದೆ ಮಗಾ. ನಾನಿಲ್ಲ ಅಂದ್ರೆ ವಾಲ್ವ್ ಮತ್ತೆ ಹೂಂಗುಟ್ಟೋನೊಬ್ಬನ ಕೈಗೇ ಹೋಗುತ್ತೆ. ಅಲ್ಲಿ ಮೂವತ್ತು ಜನ ಕೆಲಸ ಮಾಡ್ತಾರೆ. ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ."

ಬರೆದೆ. 'ನನ್ನ ಅವಸರವೇ ಕಾರಣ' ಎಂಬ ಆ ಹೊಲಸು ಸುಳ್ಳನ್ನು ನನ್ನ ಕೈಯಾರೆ, ದುಂಡಗೆ ಬರೆದೆ. ಥೂ!

ಮ್ಯಾನೇಜರ್ ಅದನ್ನು ಫೈಲಿಗೆ ಹಾಕಿ ಸುಮ್ಮನಾದನೇ? ಗಾಜು ಹಾಕಿಸಿ ಹಡಗುಕಟ್ಟೆಯ ಬಾಗಿಲಲ್ಲಿ ನೇತುಹಾಕಿಸಿದ, ಬಂದವರಿಗೆಲ್ಲ ಬುದ್ಧಿ ಬರಲಿ ಎಂದು. ಗುರುವಾರ ಚಿಕ್ಕಪ್ಪ ಅದರ ಮುಂದೆ ಹಾದೇ ಒಳಗೆ ಹೋಗಬೇಕಾಯಿತು. ಮ್ಯಾನೇಜರ್ ಎಲ್ಲರೆದುರು ಅವರ ಬೆನ್ನು ತಟ್ಟಿದನಂತೆ.

"ಈ ಸಲನಾದ್ರೂ ನಿಧಾನವಾಗಿ ಮಾಡಪ್ಪ."

"ಆಗಲಿ ಸಾರ್," ಎಂದು ಚಿಕ್ಕಪ್ಪ ಎರಡು ಗಂಟೆ ಪೈಪು ತಣಿಸಿದರಂತೆ.