ಭಾವ ಹಾಡಿದ್ದು ಬರಲಿಲ್ಲ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡು ಕೌಂಟರಿನ ಹತ್ತಿರ ಅಳುತ್ತ ಕೂತಿದೆ, ಎಲ್ಲವನ್ನೂ ಗಾಜಿನ ಕೋಣೆಯೊಳಗಿಂದ ಊರಿಗೆಲ್ಲ ಹೇಳಿದವರು ಅವರೇ. ಅರ್ಧ ಊರಿಗೆ ಅವರ ಮುಖ ಗೊತ್ತಿರಲಿಲ್ಲ. ಆದರೆ ತರಕಾರಿ ಅಂಗಡಿಯಲ್ಲಿ ‘ಕಾಲು ಕೆಜಿ ಬೀನ್ಸ್ ಕೊಡಿ’ ಎಂದರೆ ಸಾಕು, ಪಕ್ಕದವರು ಥಟ್ಟನೆ ತಿರುಗಿ ನೋಡುತ್ತಿದ್ದರು.

ಒಮ್ಮೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೈಕು ಆಫ್ ಮಾಡುವುದನ್ನು ಮರೆತು ಜೊತೆಯವರಿಗೆ, ‘ನಮ್ಮ ಮ್ಯಾನೇಜರ್ ತಲೇಲಿ ಬರೀ ಹೊಟ್ಟು ತುಂಬಿದೆ ಕಣ್ರಿ’ ಎಂದುಬಿಟ್ಟರು. ಹನ್ನೆರಡು ಪ್ಲಾಟ್‌ಫಾರಂಗೂ ಕೇಳಿಸಿತು. ಆ ಮಹಾನುಭಾವ ಏಳನೆಯದರಲ್ಲೇ ನಿಂತಿದ್ದನಂತೆ. ಮೆಮೊ ಬಂತು, ಎಲ್ಲರೆದುರು ಕೈಮುಗಿದು ತಪ್ಪೊಪ್ಪಿಕೊಂಡದ್ದೂ ಆಯಿತು. ಆಮೇಲೆ ನಿವೃತ್ತಿಯಾಗುವವರೆಗೆ ಒಂದು ದಿನವೂ ಅವರು ಹಾಗೆ ಮರೆಯಲಿಲ್ಲ.

ಮನೆಯಲ್ಲಿ ಭಾವ ಹಾಡುತ್ತಿದ್ದರು. ಸ್ವಂತ ಕಟ್ಟಿದ ಹಾಡು. ಮದುವೆಯಾದ ಹೊಸದರಲ್ಲಿ ಅಕ್ಕನನ್ನು ರೇಗಿಸಲೆಂದೇ ಕಟ್ಟಿದವು, ಒಟ್ಟು ಆರು. ಅವಳು ಹಾಲು ಉಕ್ಕಿಸಿದ್ದಕ್ಕೆ ಒಂದು, ಮುನಿಸಿಕೊಂಡು ಬಾಗಿಲು ಹಾಕಿಕೊಂಡದ್ದಕ್ಕೆ ಒಂದು, ಅವಳ ಗೊರಕೆಗೇ ಒಂದು. ಭಾವ ಗಡ್ಡ ಕೆರೆಯುತ್ತ ಶುರು ಮಾಡಿದರೆ ಅಕ್ಕ ಒಳಗಿಂದ, ‘ಮಾನ ಮರ್ಯಾದೆ ಇದೆಯಾ ನಿಮ್ಗೆ? ಪಕ್ಕದ ಮನೆಯವರು ಏನಂದ್ಕೋತಾರೆ!’ ಎಂದು ಕೂಗುವಳು. ಕೂಗಿದವಳೇ ಬಾಗಿಲ ಸಂದಿಯಲ್ಲಿ ನಿಂತು ಪೂರ್ತಿ ಕೇಳುವಳು. ನಾನೇ ಎಷ್ಟೋ ಸಲ ನೋಡಿದ್ದೇನೆ.

ನಿವೃತ್ತಿಯಾದ ಮರುವರ್ಷ ಅವರ ಗಂಟಲು ಕಟ್ಟಿತು. ನೆಗಡಿ ಎಂದುಕೊಂಡೆವು, ಹಾಳಾದ್ದು ನೆಗಡಿಯಾಗಿರಲಿಲ್ಲ. ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಆಪರೇಷನ್‌ಗೆ ಹತ್ತು ದಿನವಿತ್ತು.

‘ಏನಾದ್ರೂ ರೆಕಾರ್ಡ್ ಮಾಡಿಟ್ಕೊಳ್ಳೋದಿದ್ರೆ ಈಗಲೇ ಮಾಡ್ಕೊಳ್ಳಿ. ಆದ್ರೆ ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಗಂಟಲು ತಡೆಯಲ್ಲ’ ಎಂದರು ಡಾಕ್ಟರು.

ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುವಾಗ ಹೇಳಿದಳು. ‘ಆ ಆರೂ ಹಾಡಿಬಿಡಿ ರೀ. ನನ್ ಫೋನಲ್ಲಿ ಇರ್ಲಿ.’

ಅಲ್ಲಿ ನಾನು ಬಾಯಿ ಹಾಕಿದೆ. ನನ್ನದು ಫ್ಯಾನು, ಮೋಟಾರು ರಿಪೇರಿ ಮಾಡುವ ಅಂಗಡಿ. ತಂತಿ ಎಂಬ ಹೆಸರಿರುವ ಯಾವುದೂ ನನಗೆ ಗೊತ್ತಿಲ್ಲದ್ದಲ್ಲ ಎಂಬ ಜಂಭ ಬೇರೆ. ‘ಫೋನಲ್ಲಾ? ಡಬ್ಬದೊಳಗೆ ಕಾಗೆ ಕೂಗಿದ ಹಾಗಿರುತ್ತೆ. ಜೀವಮಾನವೆಲ್ಲ ಇಟ್ಕೊಳ್ಳೋದನ್ನ ಹಾಗಾ ಮಾಡೋದು? ನಾನಿಲ್ವಾ? ಒಳ್ಳೇ ಮೈಕ್ ತಂದು ಕಂಪ್ಯೂಟರಿಗೆ ಹಾಕಿ ಸ್ಟುಡಿಯೋ ಥರ ಮಾಡಿಕೊಡ್ತೀನಿ, ನೋಡ್ತಿರು’ ಎಂದೆ.

‘ಹಾಡೋದಕ್ಕೆ ಅಷ್ಟೆಲ್ಲ ಯಾಕೋ?’ ಎಂದಳು. ‘ನಿಂಗೆ ಗೊತ್ತಾಗಲ್ಲ, ಸುಮ್ನಿರು’ ಎಂದು ರೇಗಿದೆ.

ಮೊದಲ ದಿನ ಮೈಕು ತಂದು ಜೋಡಿಸಿ, ನಾನೇ ಹಲೋ ಹಲೋ ಎಂದು ನೋಡಿದೆ. ನನ್ನ ದನಿಯ ಹಿಂದೆ ಗುಂಯ್ ಎಂಬ ಸದ್ದು. ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಫ್ಯಾನು ಅರಚುತ್ತಿತ್ತು. ಅದನ್ನು ಹೊತ್ತು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಉದ್ದನೆಯ ವೈರು ಎಳೆದು ಮೈಕನ್ನು ಮಲಗುವ ಕೋಣೆಯ ಮೇಜಿನ ಮೇಲಿಟ್ಟೆ. ಗೋಡೆಗೆ ಕಂಬಳಿ, ಕಿಟಕಿಗೆ ರಜಾಯಿ. ಭಾವನೊಬ್ಬರೇ ಒಳಗೆ, ಬಾಗಿಲು ಮುಚ್ಚಿ. ಅಕ್ಕ ತಾನೂ ಒಳಗಿರುತ್ತೇನೆ ಎಂದಳು. ‘ನಿನ್ನ ಉಸಿರಾಟವೂ ರೆಕಾರ್ಡ್ ಆಗುತ್ತೆ, ಆಚೆ ಇರು’ ಎಂದೆ.

ಎರಡನೆಯ ದಿನ ಬೆಳಿಗ್ಗೆ ಭಾವ ಹಾಲಿನ ಹಾಡು ಹಾಡಿದರು. ಬಾಗಿಲಿನಾಚೆಯಿಂದ ನಮಗೆ ಸಣ್ಣಗೆ ಕೇಳಿಸುತ್ತಿತ್ತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಕಂಪ್ಯೂಟರಿನ ಪರದೆ ನೋಡಿದರೆ, ದನಿ ಬಂದಾಗ ಕುಣಿಯಬೇಕಾದ ಗೆರೆ ಅಲುಗಾಡದೆ ಮಲಗಿತ್ತು. ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಓಡಿಹೋಗಿ ಬಾಗಿಲು ತೆರೆದೆ.

ಭಾವ ಹಾಡು ನಿಲ್ಲಿಸಿ, ‘ಬಂತಾ?’ ಎಂದರು.

‘ಇಲ್ಲ ಭಾವ!’

ಮೈಕಿನ ಮುಂದೆ ನಾನು ಹಲೋ ಎಂದೆ. ಅಡುಗೆಮನೆಗೆ ಹೋಗಿ ನೋಡಿದರೆ ಆ ಹಲೋ ಬಂದಿದೆ! ಭಾವನ ‘ಬಂತಾ?’ ಕೂಡ ಬಂದಿದೆ. ಮತ್ತೆ ಹಾಡಿಸಿದೆ. ಮತ್ತೆ ಸೊನ್ನೆ. ಮಾತು ಬರುತ್ತದೆ, ಹಾಡು ಬರುವುದಿಲ್ಲ. ಇದೆಂಥಾ ಕಾಟವಪ್ಪಾ ಎಂದು ತಲೆ ಕೆರೆದುಕೊಂಡೆ.

ವೈರು ಬದಲಾಯಿಸಿದೆ. ಚುಚ್ಚುವ ಜಾಗ ಬದಲಾಯಿಸಿದೆ. ಕಂಪ್ಯೂಟರಿನೊಳಗೆ ಯಾವ ಮೈಕು ಆರಿಸಿದೆ, ಅದಕ್ಕೆ ಅನುಮತಿ ಕೊಟ್ಟಿದೆಯೋ ಇಲ್ಲವೋ, ಎಲ್ಲ ಜಾಲಾಡಿದೆ. ಮೈಕು ಮಾರಿದ ಅಂಗಡಿಯವನು ಫೋನಿನಲ್ಲಿ, ‘ಸರ್, ಗದ್ದಲ ಕಡಿಮೆ ಮಾಡೋ ಸೆಟ್ಟಿಂಗ್ ಇರುತ್ತೆ, ಎಳೆದು ಹಾಡಿದ್ದನ್ನ ಗದ್ದಲ ಅಂತ ತಿಳ್ಕೊಂಡು ಅಳಿಸಿಬಿಡುತ್ತೆ’ ಎಂದ. ಹೌದಲ್ಲ, ಮಾತು ಬಿಟ್ಟು ಹಾಡನ್ನಷ್ಟೇ ನುಂಗುತ್ತಿದೆಯಲ್ಲ ಎಂದು ಎರಡು ದಿನ ಅದರ ಬೆನ್ನು ಹತ್ತಿದೆ. ಅದೂ ಅಲ್ಲ. ದಿನಾ ಬಾಗಿಲ ಹೊರಗಿಂದಲೇ ಕೇಳುತ್ತಿದ್ದೆ, ‘ಭಾವ, ಮೈಕಲ್ಲಿ ದೀಪ ಹತ್ತಿದೆಯಾ?’

‘ಹತ್ತಿದೆ ಕಣಯ್ಯ, ನೋಡ್ಕೊಂಡೇ ಶುರು ಮಾಡ್ತಿದೀನಿ’ ಎನ್ನುತ್ತಿದ್ದರು.

ಒಂದೊಂದು ಸಲ ಹಾಡಿಸಿದಾಗಲೂ ದನಿ ಸವೆಯುತ್ತಿತ್ತು. ಐದನೆಯ ದಿನ ಮೇಲಿನ ಸ್ವರ ಒಡೆಯಿತು. ಏಳನೆಯ ದಿನ ಎರಡು ಸಾಲಿಗೊಮ್ಮೆ ಕೆಮ್ಮು. ಹತ್ತು ನಿಮಿಷವೆಂದರೆ ಹತ್ತೇ ನಿಮಿಷ, ಅದರಲ್ಲಿ ಎಂಟು ನನ್ನ ಪರೀಕ್ಷೆಗೇ ಹೋಗುತ್ತಿತ್ತು. ಭಾವ ನಗುತ್ತಲೇ, ‘ನನ್ನ ದನಿ ರಾಜೀನಾಮೆ ಕೊಟ್ಟಾಗಿದೆ ಅಂತ ಆ ಯಂತ್ರಕ್ಕೂ ಸುದ್ದಿ ಮುಟ್ಟಿದೆ ಕಣೋ’ ಎಂದರು. ನನಗೆ ನಗು ಬರಲಿಲ್ಲ. ಅಕ್ಕ ಮತ್ತೊಮ್ಮೆ ಫೋನಿನ ಮಾತೆತ್ತಿದಳು. ‘ಇನ್ನೇನು ಸರಿಹೋಯ್ತು, ತಡಿಯೇ!’ ಎಂದು ಗದರಿದೆ. ನಾಚಿಕೆಗೆಟ್ಟವನು ನಾನು.

ಒಂಬತ್ತನೆಯ ಬೆಳಿಗ್ಗೆ, ಮಾರನೆಯ ದಿನ ಆಸ್ಪತ್ರೆಗೆ ಸೇರಬೇಕಿತ್ತು, ಅಕ್ಕ ನನ್ನ ಮಾತಿಗೆ ಕಿವಿಗೊಡದೆ ಬಿಸಿನೀರಿನ ಲೋಟ ಹಿಡಿದು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಭಾವ ಗಂಟಲು ಸರಿಮಾಡಿಕೊಂಡರು, ಕನ್ನಡಕ ಏರಿಸಿಕೊಂಡರು, ಎಡಗೈ ಬೆರಳನ್ನು ಮೈಕಿನ ತಲೆಯ ಮೇಲೆ ಒತ್ತಿದರು.

‘ಅದೇನ್ರೀ ಒತ್ತಿದ್ದು?’ ಎಂದಳು ಅಕ್ಕ.

‘ಒತ್ತದೆ ಮಾತಾಡಿದ್ರೆ ಹೇಗೆ ಕೇಳುತ್ತೇ?’ ಎಂದರು ಭಾವ, ಅವಳಿಗೆ ಅಷ್ಟೂ ತಿಳಿಯದಲ್ಲ ಎಂಬಂತೆ.

ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ಬಸ್ ನಿಲ್ದಾಣದ ಮೈಕು ಒತ್ತಿದರೆ ಬದುಕುತ್ತಿತ್ತು. ಕೆಂಪು ದೀಪ ಹತ್ತಿದರೆ ಊರಿಗೆ ಕೇಳುತ್ತಿದೆ ಎಂದರ್ಥ. ಮಾತು ಮುಗಿದ ಕೂಡಲೇ ಮತ್ತೆ ಒತ್ತಬೇಕು, ಇಲ್ಲವಾದರೆ ಮತ್ತೊಂದು ಮೆಮೊ. ನಾನು ತಂದ ಮೈಕಿನ ಗುಂಡಿ ಇರುವುದೇ ದನಿ ತಡೆಯಲಿಕ್ಕೆ. ತಡೆದಾಗ ಅದರ ಹಸಿರು ದೀಪ ಕೆಂಪಾಗುತ್ತದೆ. ಭಾವ ಒತ್ತಿ, ಕೆಂಪು ನೋಡಿ, ಹಾಡಿದರು. ಹಾಡು ನಿಂತ ಕೂಡಲೇ ಒತ್ತಿ, ‘ಬಂತಾ?’ ಎಂದರು. ಏಳು ದಿನವೂ ಅಷ್ಟೇ ನಡೆದದ್ದು. ದೀಪ ಹತ್ತಿದೆಯಾ ಎಂದು ನೂರು ಸಲ ಕೇಳಿದ ನಾನು, ಯಾವ ಬಣ್ಣ ಎಂದು ಒಮ್ಮೆಯೂ ಕೇಳಲಿಲ್ಲ.

ಅಕ್ಕ ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಗಂಡನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಹಸಿರು ದೀಪ ಬಂತು. ತನ್ನ ಫೋನನ್ನೂ ತೆರೆದು ಪಕ್ಕಕ್ಕಿಟ್ಟಳು. ‘ಈಗ ಹಾಡಿ’ ಎಂದಳು.

ಭಾವ ಬಾಯಿ ತೆರೆದರು. ಗಾಳಿ ಬಂತು. ಇನ್ನೊಮ್ಮೆ ತೆರೆದರು, ಕೊರಳ ನರ ಉಬ್ಬಿತು, ಹಾಲಿನ ಹಾಡಿನ ಮೊದಲ ಪದ ಅರ್ಧಕ್ಕೆ ಸೀಳಿ ಕೆಮ್ಮಾಯಿತು. ಮೂರನೆಯ ಸಲ ಅದೂ ಇಲ್ಲ. ‘ಸಾಕು ಬಿಡಿ, ಸಾಕು’ ಎಂದು ಅಕ್ಕನೇ ಅವರ ಬಾಯಿ ಮುಚ್ಚಿದಳು.

ಆಪರೇಷನ್ ಆಗಿ ಐದು ತಿಂಗಳಾಯಿತು. ಜೀವ ಉಳಿದಿದೆ. ಕೊರಳಿಗೆ ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾರೆ. ಆರೂ ಹಾಡನ್ನು ಮುದ್ದಾಗಿ ಬರೆದುಕೊಟ್ಟರು. ಅಕ್ಕ ಓದಿದಳು, ಪುಸ್ತಕ ಮಡಚಿ ಬೀರುವಿನಲ್ಲಿಟ್ಟಳು, ಮತ್ತೆ ತೆಗೆಯಲಿಲ್ಲ.

ಕಂಪ್ಯೂಟರಿನಲ್ಲಿ ನಲವತ್ತಮೂರು ರೆಕಾರ್ಡಿಂಗ್ ಇದ್ದವು. ಒಂದನ್ನೂ ಬಿಡದೆ ಕೂತು ಕೇಳಿದೆ. ಕುರ್ಚಿ ಎಳೆದ ಸದ್ದು, ಕೆಮ್ಮು, ‘ಬಂತಾ?’, ನನ್ನ ಹಲೋ ಹಲೋ. ನಾಲ್ಕನೆಯ ದಿನದ್ದರಲ್ಲಿ ಮಾತ್ರ ಒಂದಿತ್ತು. ನಾನು ಮೈಕಿನ ಪಕ್ಕದಲ್ಲೇ ನಿಂತು ಅಂಗಡಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೇನೆ. ನನ್ನ ರಂಪ ಮುಗಿಯಲೆಂದು ಕಾಯುತ್ತ ಭಾವ, ಗುಂಡಿ ಒತ್ತದೆ, ತಮ್ಮ ಪಾಡಿಗೆ ತಾವು ಮೆಲ್ಲಗೆ ಗೊರಕೆಯ ಹಾಡು ಹೇಳಿಕೊಂಡಿದ್ದಾರೆ. ಒಂದೂವರೆ ಸಾಲು. ಇನ್ನೂ ಒಡೆಯದ ದನಿ. ಅದರ ಮೇಲೆ ಪೂರ್ತಿ ನನ್ನ ಕಿರುಚಾಟ. ನನ್ನದನ್ನು ತೆಗೆದು ಅವರದನ್ನು ಉಳಿಸಿಕೊಡಿ ಎಂದು ಸ್ಟುಡಿಯೋದವರ ಕಾಲು ಹಿಡಿಯುವುದೊಂದೇ ಬಾಕಿಯಿತ್ತು. ನನ್ನ ದನಿ ತೆಗೆದರೆ ಅವರದೂ ಹೋಗುತ್ತದೆ ಎಂದರು.

ಅಕ್ಕ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದಾಳೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕಿವಿಗಿಟ್ಟುಕೊಂಡು ಕೂರುತ್ತಾಳೆ. ಅವಳು ಫೋನ್ ಎತ್ತಿದ್ದು ಕಂಡರೆ ಭಾವ ಎದ್ದು ಆಚೆ ಹೋಗುತ್ತಾರೆ. ಮೊನ್ನೆ ನನಗೇ ತಡೆಯಲಾಗಲಿಲ್ಲ. ‘ನನ್ ಬೈಗುಳವನ್ನ ಹೇಗೆ ಕೇಳಿಸ್ಕೋತೀಯೇ ಅಕ್ಕ? ಅಳಿಸಿಹಾಕು’ ಎಂದೆ.

‘ಬೇಡ ಕಣೋ’ ಎಂದಳು. ‘ನೀನು ಬೈದು ಬೈದು ನಡುವೆ ಒಂದ್ಸಲ ಉಸಿರು ತಗೋತೀಯಲ್ಲ, ಅಲ್ಲಿ ಅವರದ್ದು ಒಂದು ಪದ ಪೂರ್ತಿ ಕೇಳುತ್ತೆ.’